ಗಂಗಾಮೂಲದ ಮಗಳು ಪಂಡಿತಾ ರಮಾಬಾಯಿ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರು ಕಲಬುರಗಿ, ರಾಯಚೂರುಗಳ ಕಡೆಗೆ ರೈಲಿನಲ್ಲಿ ಹೊರಟರೆ, ಪುಣೆ ದಾಟಿದ ಮೇಲೆ ದೌಂಡ್ ಜಂಕ್ಷನ್ನಿಗಿಂತ ಮುಂಚೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವೊಂದು ಸಿಗುತ್ತದೆ. ಆ ಊರಿನಲ್ಲಿ ಸಾವಿರಾರು ಅನಾಥ ಹೆಣ್ಣುಮಕ್ಕಳಿಗೆ ತಾಯಿಯಾಗಿ ಬಾಳಿದ ಮಹಿಳೆಯೊಬ್ಬರು ನಮ್ಮ ಮಲೆನಾಡಿನ ಕಾಡಿನಲ್ಲಿ ಹುಟ್ಟಿದವರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಪಂಡಿತಾ ರಮಾಬಾಯಿ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅವರನ್ನು ನಾವು ನೆನೆಯುವುದು ಅವರು ನಮ್ಮ ನೆಲದಲ್ಲಿ ಹುಟ್ಟಿದರೆಂಬ ಅಭಿಮಾನಕ್ಕಾಗಿ ಮಾತ್ರವಲ್ಲ. ಕಷ್ಟದ ಮೇಲೆ ಕಷ್ಟ ಬಂದರೂ ದೇವರ ಮೇಲಿನ ಭರವಸೆಯನ್ನು ಬಿಡದೆ, ಆ ಭರವಸೆಯನ್ನೇ ದುಡಿಮೆಯಾಗಿ ಮಾಡಿಕೊಂಡು ಬಾಳಿದ ರೀತಿಗಾಗಿ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುವುದನ್ನು ಅವರು ಕಂಡಿದ್ದರು. ಹೆಂಗಸರೂ ದೇವಭಾಷೆಯನ್ನು ಕಲಿಯಬಹುದೆಂಬುದು ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು. ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಪಾಠ ಹೇಳಲು ತೊಡಗಿದಾಗ ಊರಿನವರ ವಿರೋಧ ಬಂತು. ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಶಾಸ್ತ್ರಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಮುಂದೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆಯರು ಹುಟ್ಟುವ ಎಡೆಯಲ್ಲಿ, ಮನೆ ಕಟ್ಟಿಕೊಂಡು ಶಿಷ್ಯರಿಗೂ ಪತ್ನಿಗೂ ವಿದ್ಯೆ ಹೇಳುತ್ತ ಉಳಿದರು. ಅಲ್ಲಿಯೇ 1858ನೆಯ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಬಂದ ಅತಿಥಿಗಳಿಗೂ ಶಿಷ್ಯರಿಗೂ ಅನ್ನವಿಟ್ಟು ಶಾಸ್ತ್ರಿಗಳ ಆಸ್ತಿ ಕರಗಿತು. ಮಗು ಆರು ತಿಂಗಳಿನದಾಗುವ ಹೊತ್ತಿಗೆ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಕೂತ ಕೂಸು ಆಳಿನ ತಲೆಯ ಮೇಲೆ ಘಟ್ಟ ಇಳಿಯಿತು. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಜೀವಿಸುವುದು, ಇದೇ ಅವರ ಬದುಕಾಯಿತು. ಈ ಅಲೆದಾಟದ ನಡುವೆ ತಾಯಿ ನಸುಕಿನಲ್ಲೇ ಮಗಳನ್ನು ಎಬ್ಬಿಸಿ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೀಗೆ ಊರಿಂದೂರಿಗೆ ನಡೆಯುತ್ತಲೇ ರಮಾಬಾಯಿ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದರು. ಮನೆಮಾತು ಮರಾಠಿಯಾದರೂ ಕನ್ನಡವನ್ನೂ ಬಲ್ಲವರಾದರು.

1870ರ ದಶಕದ ಕ್ಷಾಮ ಈ ಕುಟುಂಬವನ್ನು ಬೇರುಸಹಿತ ಅಲುಗಿಸಿತು. ಇದ್ದಬದ್ದ ಪಾತ್ರೆ ಒಡವೆಗಳೆಲ್ಲ ಮಾರಿಹೋದವು. ವ್ರತ, ಉಪವಾಸ, ದಾನ ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಹಸಿವು ಮಾತ್ರ ಬಿಡಲಿಲ್ಲ. ಕಣ್ಣು ಕಾಣದಷ್ಟು ಮುಪ್ಪಾಗಿದ್ದ ತಂದೆ ಮೊದಲು ತೀರಿಕೊಂಡರು. ರಾಯಚೂರಿಗೆ ಬರುವ ಹೊತ್ತಿಗೆ ತಾಯಿ ಏಳಲಾರದ ಸ್ಥಿತಿಯಲ್ಲಿದ್ದರು. ತಾಯಿಗಾಗಿ ಒಂದು ತುತ್ತು ಬೇಡಲು ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋದಾಗ ಬಾಯಿಂದ ಮಾತು ಹೊರಡದೆ ಕಣ್ಣೀರು ಬಂತು. ಸಿಕ್ಕ ಸಜ್ಜೆಯ ರೊಟ್ಟಿಯನ್ನು ತಂದಿಟ್ಟರೂ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಆಕೆ ಸತ್ತಾಗ ಹೊರುವುದಕ್ಕೆ ಸಾಕಷ್ಟು ಜನ ಬರಲಿಲ್ಲ. ಅಣ್ಣ ಶ್ರೀನಿವಾಸನೊಡನೆ ಮಗಳೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ಅವರು ಅದನ್ನು ತಲೆಯ ಮೇಲೆ ಹೊತ್ತು ನಡೆದರು. ಕೆಲವೇ ತಿಂಗಳಲ್ಲಿ ಅಕ್ಕನೂ ಹೋದಳು.

ಉಳಿದ ಅಣ್ಣ ತಂಗಿ ಇಬ್ಬರೇ ಕಾಶ್ಮೀರದವರೆಗೆ ಬರಿಗಾಲಿನಲ್ಲಿ ಅಲೆದರು. ಝೀಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದುಂಟು. 1878ರಲ್ಲಿ ಕಲ್ಕತ್ತ ಸೇರಿದಾಗ ಇಪ್ಪತ್ತರ ಈ ಹುಡುಗಿಯ ಸಂಸ್ಕೃತ ಪಾಂಡಿತ್ಯವನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳು ಬಂದವು. ಆದರೆ ಕೀರ್ತಿ ಬಂದ ಬೆನ್ನಲ್ಲೇ 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷದ ನವೆಂಬರಿನಲ್ಲಿ ಜಾತಿಯ ಕಟ್ಟನ್ನು ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ರಮಾಬಾಯಿ ಕಾನೂನಿನ ರೀತಿಯಲ್ಲಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಕಾಲರಾ ರೋಗ ಪತಿಯನ್ನು ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮುನ್ನವೇ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡ ವಿಧವೆಯ ಮಡಿಲಲ್ಲಿ ಉಳಿದದ್ದು ಒಂದು ಹಸುಗೂಸು.

ಇಂತಹ ಸ್ಥಿತಿಯಲ್ಲಿ ದೇವರ ಮಾತೆತ್ತಿದರೆ ಸಿಟ್ಟು ಬರುವುದೇ ಸಹಜ. ರಮಾಬಾಯಿಯವರ ಹಳೆಯ ನಂಬಿಕೆಗಳು ಕ್ಷಾಮದ ಕಾಲದಲ್ಲೇ ಸಡಿಲವಾಗಿದ್ದವು; ಹೊಸದು ಇನ್ನೂ ಸಿಕ್ಕಿರಲಿಲ್ಲ. ಸಿಲ್ಚಾರಿನಲ್ಲಿದ್ದಾಗ ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅವರ ಕೈಗೆ ಬಂದಿತ್ತು. ಅದರ ಮೇಲಿನ ಅವರ ಆಸಕ್ತಿ ಗಂಡನಿಗೆ ಹಿಡಿಸಿರಲಿಲ್ಲ. ಪತಿಯ ನಿಧನದ ನಂತರ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಪುಸ್ತಕ ಬರೆದು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳ ಓದಿನ ಪರವಾಗಿ ಸಾಕ್ಷ್ಯ ಹೇಳಿದರು. ವೈದ್ಯಶಾಸ್ತ್ರ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಕಷ್ಟ ಬೆನ್ನು ಬಿಡಲಿಲ್ಲ. ಜೊತೆಗೆ ಬಂದಿದ್ದ ಗೆಳತಿ ಆತ್ಮಹತ್ಯೆ ಮಾಡಿಕೊಂಡಳು. ಕಿವಿ ಮಂದವಾಗಿದ್ದುದರಿಂದ ವೈದ್ಯಳಾಗುವ ಆಸೆಯೂ ಕೈಬಿಟ್ಟಿತು.

ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅವರು ತಂಗಿದ್ದರು. ಆ ಸನ್ಯಾಸಿನಿಯರು ದಾರಿತಪ್ಪಿದವರೆಂದು ಸಮಾಜ ದೂಡಿದ ಹೆಂಗಸರನ್ನು ಕರೆತಂದು ಅಕ್ಕರೆಯಿಂದ ಸಾಕುವುದನ್ನು ಕಂಡಾಗ ಅವರ ಮನಸ್ಸು ತಿರುಗಿತು. ಇಂತಹ ಕರುಣೆಗೆ ಮೂಲವೇನೆಂದು ಕೇಳಿದಾಗ, ಸಮಾರ್ಯದ ಹೆಣ್ಣನ್ನು ಬಾವಿಯ ಬಳಿ ಮಾತಾಡಿಸಿದ ಯೇಸುವಿನ ಕಥೆಯನ್ನು ಅವರಿಗೆ ಹೇಳಲಾಯಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಆದರೂ ಕಣ್ಣು ಮುಚ್ಚಿ ಒಪ್ಪಿಕೊಳ್ಳುವ ಸ್ವಭಾವ ಅವರದಲ್ಲ. ಹಿರಿಯರು ಹೇಳಿದ್ದನ್ನು ಪ್ರಶ್ನಿಸಿದರು, ಪತ್ರಗಳಲ್ಲಿ ವಾದಿಸಿದರು. ಮತವನ್ನು ಸ್ವೀಕರಿಸಿದ ಎಂಟು ವರ್ಷಗಳ ಬಳಿಕ, 1891ರ ಸುಮಾರಿಗೆ, ಕ್ರಿಸ್ತನೇ ತಮಗೆ ಸಿಕ್ಕನೆಂಬ ಸಮಾಧಾನ ಅವರಿಗೆ ಆಯಿತು. ಅವರ ಭರವಸೆ ಹೀಗೆ ಸಂಶಯದ ಕುಲುಮೆಯಲ್ಲಿ ಕಾದು ಗಟ್ಟಿಯಾದದ್ದು.

1886ರಲ್ಲಿ ಡಾಕ್ಟರ್ ಆನಂದಿಬಾಯಿ ಜೋಶಿಯವರ ಪದವೀದಾನಕ್ಕೆಂದು ಅಮೆರಿಕೆಗೆ ಹೋದ ರಮಾಬಾಯಿ, ಭಾರತದ ಮೇಲ್ಜಾತಿಯ ಹೆಂಗಸರ ಬವಣೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಹುಟ್ಟಿ ಹತ್ತು ವರ್ಷಗಳ ಸಹಾಯದ ವಚನ ಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರ ಶಾಲೆ ಶಾರದಾ ಸದನ ತೆರೆಯಿತು. ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಗೋದೂಬಾಯಿ ಅಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಮರುವರ್ಷ ಸದನ ಪುಣೆಗೆ ಬಂತು.

ಅಲ್ಲಿ ಮತ್ತೊಂದು ಪರೀಕ್ಷೆ ಕಾದಿತ್ತು. ಸದನದಲ್ಲಿ ಎಲ್ಲರ ಆಚಾರಕ್ಕೂ ಅವಕಾಶವಿತ್ತು. ಆದರೆ ರಮಾಬಾಯಿಯವರ ಸ್ವಂತ ಪ್ರಾರ್ಥನೆಯ ಕೋಣೆಯ ಬಾಗಿಲು ಮುಚ್ಚಿರುತ್ತಿರಲಿಲ್ಲ; ಕೆಲವು ಹುಡುಗಿಯರು ಅಲ್ಲಿ ಬಂದು ಕೂರತೊಡಗಿದರು. ಪತ್ರಿಕೆಗಳಲ್ಲಿ ಟೀಕೆಯೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾ ಮಂಡಲಿಯಿಂದ ಹೊರನಡೆದರು. ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ವಿಧವೆಯರನ್ನು ನಂಬಿಸಿ ಮತಾಂತರಿಸಬಹುದೆಂಬ ಆತಂಕ ಅಂದಿನ ಮನೆತನಗಳಿಗೆ ಇದ್ದದ್ದು ಅಸಹಜವಲ್ಲ. ತಮ್ಮ ಕೋಣೆಯಲ್ಲಿ ತಮ್ಮ ದೇವರನ್ನು ಕರೆಯುವ ಹಕ್ಕನ್ನು ರಮಾಬಾಯಿ ಬಿಟ್ಟುಕೊಡದಿದ್ದದ್ದೂ ಅಸಹಜವಲ್ಲ. ಅವರು ಬಾಗಿಲು ಮುಚ್ಚಲಿಲ್ಲ, ಶಾಲೆಯನ್ನೂ ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಿತು. ಸುದ್ದಿ ಕಿವಿಗೆ ಬಿದ್ದಾಗ ರಾಯಚೂರಿನ ಆ ದಿನಗಳು ಅವರಿಗೆ ನೆನಪಾಗದಿರಲು ಸಾಧ್ಯವೇ? ತಾವೇ ಹೊರಟು, ಕ್ಷಾಮಪೀಡಿತ ಊರುಗಳನ್ನು ಸುತ್ತಿ, ಎಲುಬಿನ ಗೂಡಾಗಿದ್ದ ಸುಮಾರು 300 ಹುಡುಗಿಯರನ್ನು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ಊರಿನಲ್ಲಿ ಹೊಸಬರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಕೇಡಗಾಂವಿನಲ್ಲಿ ಕೊಂಡಿದ್ದ ಬಯಲು ಹೊಲದಲ್ಲಿ ಡೇರೆ, ಚಪ್ಪರಗಳನ್ನು ಹಾಕಿ ಮಕ್ಕಳನ್ನು ಇಳಿಸಲಾಯಿತು. ಇದೇ ಮುಕ್ತಿ ಸದನದ ಆರಂಭ. 1898ರಲ್ಲಿ ಅಮೆರಿಕೆಯವರ ಹತ್ತು ವರ್ಷಗಳ ವಚನದ ಅವಧಿಯೂ ಮುಗಿಯಿತು. ನಿಶ್ಚಿತ ವರಮಾನವಿಲ್ಲ, ಉಣ್ಣುವ ಬಾಯಿಗಳು ನೂರಾರು. 1900ರಲ್ಲಿ ಗುಜರಾತಿನ ಕ್ಷಾಮದಿಂದ ಮತ್ತೆ ನೂರಾರು ಮಂದಿ ಬಂದು ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತು.

ರಮಾಬಾಯಿಯವರ ಭರವಸೆಯ ಗುಟ್ಟು ನಮಗೆ ಕಾಣಸಿಗುವುದು ಇಲ್ಲಿಯೇ. ದಿನದಿನದ ಅನ್ನಕ್ಕಾಗಿ ಅವರು ದೇವರಲ್ಲಿ ಬೇಡುತ್ತಿದ್ದರು. ಬೇಡಿ ಎದ್ದ ಮೇಲೆ ಬಾವಿ ತೋಡಿಸುತ್ತಿದ್ದರು, ಹೊಲ ಉಳಿಸುತ್ತಿದ್ದರು. ನೇಯ್ಗೆ, ಹೈನುಗಾರಿಕೆ, ಗಾಣ, ಅಚ್ಚುಕೂಟ ಎಲ್ಲವನ್ನೂ ಹುಡುಗಿಯರೇ ನಡೆಸಿದರು. ಮೋಸಹೋದ ಹೆಂಗಸರಿಗೆ ಕೃಪಾ ಸದನ ಏರ್ಪಟ್ಟಿತು. ಕುರುಡು ಮಕ್ಕಳಿಗೆ ಮನೋರಮಾ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಿದರು. ದೇವರು ನೋಡಿಕೊಳ್ಳುತ್ತಾನೆಂದು ಕೈಕಟ್ಟಿ ಕೂರುವುದು ಅವರಿಗೆ ಭರವಸೆಯಾಗಿರಲಿಲ್ಲ. 1912ರ ಸುಮಾರಿಗೆ ಆಗ ನಿಜಾಮರ ಸೀಮೆಗೆ ಸೇರಿದ್ದ ಕಲಬುರಗಿಯಲ್ಲಿ ಶಾಲೆಯೊಂದನ್ನು ತೆರೆದಾಗ ತಾಯಿ ಮಗಳ ಈ ಸೇವೆ ಕನ್ನಡ ನಾಡಿಗೂ ಮುಟ್ಟಿತು.

ಬದುಕಿನ ಕೊನೆಯ ಸುಮಾರು ಹದಿನೆಂಟು ವರ್ಷಗಳನ್ನು ಅವರು ಇನ್ನೊಂದು ದೊಡ್ಡ ಕೆಲಸಕ್ಕೆ ಮುಡಿಪಿಟ್ಟರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಸಾಮಾನ್ಯ ಹೆಂಗಸಿಗೂ ತಿಳಿಯುವಂಥ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಅನುವಾದಿಸಿದರು. ಅಕ್ಷರ ಜೋಡಿಸಿದವರೂ ಅಚ್ಚುಹಾಕಿದವರೂ ಮುಕ್ತಿಯ ಹೆಣ್ಣುಮಕ್ಕಳೇ. ಕೆಲಸ ಮುಗಿಯುವ ಹಂತದಲ್ಲಿರುವಾಗಲೇ 1921ರ ಜುಲೈನಲ್ಲಿ, ತಮ್ಮ ನಂತರ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಹಸುಗೂಸಾಗಿ ಮಡಿಲಲ್ಲಿ ಉಳಿದಿದ್ದ ಒಂದೇ ಜೀವವೂ ಹೋಯಿತು. ಕಿವಿ ಕೇಳದ, ದೇಹ ಸೋತ ತಾಯಿ ಆ ದುಃಖವನ್ನು ಹೊತ್ತುಕೊಂಡೇ ಮತ್ತೆ ಕರಡಚ್ಚು ತಿದ್ದಲು ಕುಳಿತರು. 1922ರ ಏಪ್ರಿಲ್ 5ರಂದು ಅವರ ಉಸಿರು ನಿಂತಿತು. ಬೈಬಲ್ ಪೂರ್ಣವಾಗಿ 1924ರಲ್ಲಿ ಹೊರಬಂದಿತು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕೇಡಗಾಂವಿನ ಮುಕ್ತಿ ಇಂದಿಗೂ ಅನಾಥರಿಗೆ ಆಸರೆಯಾಗಿ ನಡೆಯುತ್ತಿದೆ.

ನಂಬಿದ ಮೇಲೆ ರಮಾಬಾಯಿಯವರಿಗೆ ಕಷ್ಟಗಳು ನಿಂತವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಂಬುವ ಮುಂಚೆ ಐವರನ್ನು ಕಳೆದುಕೊಂಡರು, ನಂಬಿದ ಮೇಲೆ ಒಬ್ಬಳೇ ಮಗಳನ್ನು ಕಳೆದುಕೊಂಡರು. ವ್ಯತ್ಯಾಸವಿದ್ದದ್ದು ದುಃಖ ಬಂದಾಗ ಅವರು ಏನು ಮಾಡಿದರೆಂಬುದರಲ್ಲಿ. ತಾಯಿಗೆ ಒಂದು ರೊಟ್ಟಿ ಹೊಂದಿಸಲು ಪಟ್ಟ ಪಾಡನ್ನು ಅವರು ಮರೆಯಲಿಲ್ಲ, ಎರಡು ಸಾವಿರ ಮಕ್ಕಳಿಗೆ ಅನ್ನ ಹೊಂದಿಸಿದರು. ಯಾವ ದೇವರನ್ನು ಯಾವ ಹೆಸರಿನಿಂದ ಕರೆಯುವವರಾದರೂ, ಹುಟ್ಟಿದ ಊರು ಬಿಟ್ಟು ಪರಸ್ಥಳದಲ್ಲಿ ಬೇರೂರುತ್ತಿರುವ ನಮಗೆಲ್ಲ, ಕಾಡಿನ ಮನೆಯಿಂದ ಬುಟ್ಟಿಯಲ್ಲಿ ಹೊರಟ ಈ ಕೂಸಿನ ಬಾಳು ಧೈರ್ಯ ಕೊಡಲೆಂದು ನಾವು ಹಾರೈಸುತ್ತೇವೆ.