ಆಲಮಟ್ಟಿಯ ಮುಂಜಾವು: ಹರ್ಡೇಕರ ಮಂಜಪ್ಪನವರ ಬದುಕು ಮತ್ತು ನಮ್ಮ ದಿನಚರಿ

ತಾಳಿಕೋಟೆ: ಇಲ್ಲಿಂದ ಪಶ್ಚಿಮಕ್ಕೆ, ಮುದ್ದೇಬಿಹಾಳವನ್ನು ದಾಟಿ ಸಾಗಿದರೆ ಕೃಷ್ಣೆಯ ದಂಡೆಯ ಆಲಮಟ್ಟಿ ಸಿಗುತ್ತದೆ. ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗುವ ಜನರು ಜಲಾಶಯವನ್ನೂ ಉದ್ಯಾನವನ್ನೂ ಕಂಡು ಸಂಜೆಯ ಹೊತ್ತಿಗೆ ಮರಳುತ್ತಾರೆ. ಆದರೆ ಅಣೆಕಟ್ಟು ಏಳುವುದಕ್ಕೆ ದಶಕಗಳ ಮೊದಲೇ ಆ ಊರಿಗೆ ಹೆಸರು ತಂದುಕೊಟ್ಟ ಒಬ್ಬ ಮಹನೀಯರನ್ನು ನೆನೆಯುವವರು ವಿರಳ. ಅವರೇ ಕರ್ನಾಟಕದ ಗಾಂಧಿ ಎಂದು ನಾಡು ಗೌರವಿಸಿದ ಹರ್ಡೇಕರ ಮಂಜಪ್ಪನವರು.

ನಾಳೆಯಿಂದ ನಸುಕಿನಲ್ಲಿ ಏಳುತ್ತೇನೆ, ವಾಯುವಿಹಾರ ಮಾಡುತ್ತೇನೆ, ಓದುತ್ತೇನೆ ಎಂದು ಸಂಕಲ್ಪ ಮಾಡದವರಾರು? ನಾಲ್ಕನೆಯ ದಿನ ಆ ಸಂಕಲ್ಪ ಹಾಸಿಗೆಯಲ್ಲಿಯೇ ಉಳಿಯುತ್ತದೆ. ರಾತ್ರಿ ಹನ್ನೆರಡರವರೆಗೆ ಸುದ್ದಿ ಕಳುಹಿಸಿ, ನಾಲ್ಕು ಗಂಟೆಗೆ ಏಳಲು ಹೊರಟು, ವಾರದೊಳಗೆ ಜ್ವರ ಹಿಡಿದು ಮಲಗಿದ ಅನುಭವ ಈ ವರದಿಗಾರನಿಗೂ ಇದೆ. ತಪ್ಪು ಎಲ್ಲಿ ಆಗುತ್ತದೆ? ಮಂಜಪ್ಪನವರ ಬದುಕಿನತ್ತ ಒಮ್ಮೆ ಹಿಂತಿರುಗಿ ನೋಡಿದರೆ ಉತ್ತರದ ಜಾಡು ಸಿಕ್ಕೀತು.

ಬನವಾಸಿಯಿಂದ ದಾವಣಗೆರೆಗೆ

ಮಂಜಪ್ಪನವರು ಜನಿಸಿದ್ದು 1886ರಲ್ಲಿ, ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ. ಬಡತನದ ಮನೆ. ಹೆಚ್ಚಿನ ಓದಿಗೆ ಅನುಕೂಲವಿರಲಿಲ್ಲ. ಮುಲ್ಕಿ ಪರೀಕ್ಷೆ ಮುಗಿಸಿ ಶಿರಸಿಯಲ್ಲಿ ಶಿಕ್ಷಕರಾದರು. 1905ರಲ್ಲಿ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ದೇಶವನ್ನೆಲ್ಲ ಆವರಿಸಿದಾಗ ಈ ತರುಣ ಶಿಕ್ಷಕರ ಮನಸ್ಸು ಪಾಠಶಾಲೆಯಲ್ಲಿ ನಿಲ್ಲಲಿಲ್ಲ. 1906ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ದಾವಣಗೆರೆಗೆ ಬಂದು ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಆಗ ಅವರ ವಯಸ್ಸು ಕೇವಲ ಇಪ್ಪತ್ತು.

ಟಿಳಕರ ವಿಚಾರಗಳನ್ನು ಕನ್ನಡಿಗರಿಗೆ ತಲುಪಿಸುವುದು ಆ ಪತ್ರಿಕೆಯ ದೊಡ್ಡ ಕೆಲಸವಾಗಿತ್ತು. ವಾರಪತ್ರಿಕೆಯ ಬದುಕನ್ನು ಬಲ್ಲವರಿಗೆ ಅದರ ಕಷ್ಟವೂ ಗೊತ್ತು. ಬರೆಯುವುದು, ತಿದ್ದುವುದು, ಮುದ್ರಿಸುವುದು, ಅಂಚೆಗೆ ಹಾಕುವುದು. ಇದು ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನ ವಾರ ಬಾಗಿಲಲ್ಲಿ ನಿಂತಿರುತ್ತದೆ. ಗಡಿಯಾರದ ಶಿಸ್ತನ್ನು ಉಪದೇಶದಿಂದ ಅಲ್ಲ, ಕಾಯಕದಿಂದಲೇ ಅವರು ಕಲಿತರು.

ತಾರುಣ್ಯದಲ್ಲಿಯೇ ಅವರು ಆಜೀವ ಬ್ರಹ್ಮಚರ್ಯದ ವ್ರತ ಕೈಗೊಂಡರು. ಶರೀರವನ್ನು ಗಟ್ಟಿಯಾಗಿಟ್ಟುಕೊಳ್ಳುವುದೂ ದೇಶಸೇವೆಯ ಒಂದು ಅಂಗವೆಂಬುದು ಅವರ ನಂಬಿಕೆಯಾಗಿತ್ತು. 1913ರಲ್ಲಿ ದಾವಣಗೆರೆಯಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವ ಪದ್ಧತಿಗೆ ನಾಂದಿ ಹಾಡಿದರು. ಇಂದು ನಾಡಿನಾದ್ಯಂತ ನಡೆಯುವ ಆ ಉತ್ಸವದ ಮೂಲದಲ್ಲಿ ಇವರ ಶ್ರಮವಿದೆ. ಮುಂದೆ ಗಾಂಧೀಜಿಯವರ ಮಾರ್ಗಕ್ಕೆ ಒಲಿದು ಖಾದಿಯನ್ನುಟ್ಟರು, ಖಾದಿಯ ಪ್ರಚಾರಕ್ಕಾಗಿ ಪತ್ರಿಕೆ ನಡೆಸಿದರು, ಬಸವಣ್ಣನವರನ್ನೂ ಗಾಂಧೀಜಿಯವರನ್ನೂ ಕುರಿತು ಪುಸ್ತಕಗಳನ್ನು ಬರೆದರು, ಊರೂರು ಸುತ್ತಿ ಉಪನ್ಯಾಸ ನೀಡಿದರು.

ಕೃಷ್ಣೆಯ ದಂಡೆಯ ವಿದ್ಯಾಲಯ

1927ರಲ್ಲಿ ಅವರು ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಅಂದಿನ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬರಗಾಲದ ನಾಡು. ಬಸವಣ್ಣನವರ ಜನ್ಮಸ್ಥಳ ಬಾಗೇವಾಡಿ ಅಲ್ಲಿಗೆ ಸಮೀಪ, ಪಕ್ಕದಲ್ಲಿ ಹೊಳೆ, ಹೊರ ಜಗತ್ತಿಗೆ ಹೋಗಿಬರಲು ರೈಲು. ಕಾಯಕ ತತ್ವವನ್ನೂ ಗಾಂಧೀ ಮಾರ್ಗವನ್ನೂ ಒಂದೇ ಅಂಗಳದಲ್ಲಿ ಕೂಡಿಸಲು ಇದಕ್ಕಿಂತ ಒಳ್ಳೆಯ ನೆಲೆ ಅವರಿಗೆ ಬೇಕಿರಲಿಲ್ಲ.

ಗಾಂಧೀ ಮಾರ್ಗದ ಆಶ್ರಮಗಳಿಗೆಲ್ಲ ಸಾಬರಮತಿ ಮಾದರಿಯಾಗಿತ್ತು. ಅಲ್ಲಿ ಬೆಳಗಿನ 4 ಗಂಟೆಗೆ ಏಳುವ ಗಂಟೆ ಬಾರಿಸುತ್ತಿತ್ತು. ಬಳಿಕ ಪ್ರಾರ್ಥನೆ, ಸ್ನಾನ, ವ್ಯಾಯಾಮ, ಓದು, ಉಪಾಹಾರ. ಆಮೇಲೆ ಮೈಮುರಿದು ದುಡಿಮೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಮಾತು ಬೇರೆ ಇದೆ. ಅದೇ ಆಶ್ರಮದಲ್ಲಿ ರಾತ್ರಿ 9 ಗಂಟೆಗೆ ಮಲಗುವ ಗಂಟೆಯೂ ಬಾರಿಸುತ್ತಿತ್ತು. ಮಧ್ಯಾಹ್ನದ ಊಟದ ನಂತರ ವಿಶ್ರಾಂತಿಗೆ ಹೊತ್ತು ಇತ್ತು. ಅಂದರೆ ನಾಲ್ಕು ಗಂಟೆಯ ಎಚ್ಚರಕ್ಕೆ ಏಳು ತಾಸಿನ ನಿದ್ರೆಯ ಬುನಾದಿ ಇತ್ತು. ನಾವು ಮೊದಲ ಗಂಟೆಯನ್ನು ಮಾತ್ರ ಎರವಲು ತಂದು, ಎರಡನೆಯದನ್ನು ಅಲ್ಲಿಯೇ ಬಿಟ್ಟು ಬಂದಿದ್ದೇವೆ.

ಶಿಸ್ತಿಗೂ ಮಿತಿಯುಂಟು

ಆಲಮಟ್ಟಿಯ ವಿದ್ಯಾಲಯ ಆರಂಭವಾದ 1927ನೆಯ ಇಸವಿಯಲ್ಲಿಯೇ ನಡೆದ ಇನ್ನೊಂದು ಸಂಗತಿ ಇಲ್ಲಿ ಸ್ಮರಣೀಯ. ನಿರಂತರ ಪ್ರವಾಸದಿಂದ ಬಳಲಿದ್ದ ಗಾಂಧೀಜಿ ಆ ವರ್ಷದ ಮಾರ್ಚ್ ತಿಂಗಳ ಕೊನೆಗೆ ಕೊಲ್ಲಾಪುರದಲ್ಲಿ ಅಸ್ವಸ್ಥರಾದರು. ರಕ್ತದೊತ್ತಡ ವಿಪರೀತ ಏರಿತ್ತು. ವೈದ್ಯರು ವಿಶ್ರಾಂತಿ ವಿಧಿಸಿದರು. ಏಪ್ರಿಲ್‌ನಿಂದ ನಂದಿಬೆಟ್ಟದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ಅವರು ತಿಂಗಳುಗಟ್ಟಲೆ ತಂಗಬೇಕಾಯಿತು. ಶಿಸ್ತಿಗೆ ಹೆಸರಾದ ಆ ವ್ಯಕ್ತಿಯೂ ದೇಹದ ಮಾತಿಗೆ ತಲೆಬಾಗಿ ಕೆಲಸವನ್ನು ತಗ್ಗಿಸಿಕೊಂಡರು. ದಿನಚರಿ ದೇಹಕ್ಕಾಗಿ ಇರಬೇಕೇ ಹೊರತು ದೇಹ ದಿನಚರಿಗಾಗಿ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆಶ್ರಮ ಜೀವನದಿಂದ ಕಲಿಯಬೇಕಾದ ಮತ್ತೊಂದು ಪಾಠವಿದೆ. ಅಲ್ಲಿ ಕಸಗುಡಿಸುವುದು, ನೀರು ತರುವುದು, ಅಡುಗೆ, ಶೌಚಾಲಯದ ಸ್ವಚ್ಛತೆ ಎಲ್ಲರ ಪಾಲಿನ ಕೆಲಸಗಳಾಗಿದ್ದವು. ನಮ್ಮ ಮನೆಗಳಲ್ಲಿ? ಯಜಮಾನರು ಐದಕ್ಕೆ ಎದ್ದು ವಾಯುವಿಹಾರಕ್ಕೆ ಹೊರಟರೆ ಅವರಿಗೆ ಚಹಾ ಕಾಸಲು ಮನೆಯಾಕೆ ನಾಲ್ಕೂವರೆಗೆ ಏಳುತ್ತಾಳೆ. ಅಂಗಳಕ್ಕೆ ನೀರು ಹಾಕಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟಿ, ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವ ಆಕೆಯ ಮುಂಜಾವಿಗೆ ಯಾರೂ ದಿನಚರಿ ಎಂದು ಹೆಸರಿಡುವುದಿಲ್ಲ. ಒಬ್ಬರ ಆರೋಗ್ಯ ಇನ್ನೊಬ್ಬರ ನಿದ್ರೆಯನ್ನು ತಿಂದು ಬೆಳೆಯುವುದಾದರೆ ಅದು ಆರೋಗ್ಯವಲ್ಲ.

ನಮಗೆ ಒಗ್ಗುವ ಕ್ರಮ

ತಾಳಿಕೋಟೆಯ ಸುತ್ತಿನ ಜನಕ್ಕೆ ಮುಂಜಾವು ಹೊಸದಲ್ಲ. ಜೋಳ, ತೊಗರಿ ಬೆಳೆಯುವ ಎರೆ ಹೊಲದ ರೈತ, ಬಿಸಿಲೇರುವ ಮೊದಲೇ ಅರ್ಧ ಕೆಲಸ ಮುಗಿಸುವವನು. ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸದೆ ಬಾಯಿಗೆ ತುತ್ತು ಇಡದ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ನಮಾಜಿಗೆ ನಸುಕಿನಲ್ಲಿ ಏಳುವ ಮನೆಗಳೂ ಇವೆ. ಕೆಟ್ಟಿರುವುದು ನಮ್ಮ ರಾತ್ರಿ. ಮೊಬೈಲಿನ ಬೆಳಕು ಹನ್ನೆರಡಾದರೂ ಆರುವುದಿಲ್ಲ.

ಆದುದರಿಂದ ಮುಂಜಾವನ್ನು ಸರಿಪಡಿಸುವವರು ಹಿಂದಿನ ರಾತ್ರಿಯಿಂದಲೇ ಆರಂಭಿಸಬೇಕು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ತಾಸು ನಿದ್ರೆ ಬೇಕೆಂಬುದು ವೈದ್ಯಲೋಕದ ಅಭಿಮತ. ಏಳುವ ಹೊತ್ತನ್ನು ಒಮ್ಮೆಲೇ ಎರಡು ತಾಸು ಹಿಂದಕ್ಕೆ ತಳ್ಳದೆ, ಹದಿನೈದು ನಿಮಿಷಗಳಂತೆ ಬದಲಿಸುವುದು ಲೇಸು. ರಜೆಯ ದಿನವೂ ಅದೇ ಹೊತ್ತಿಗೆ ಏಳಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಸಾಕೆಂದು ಹೇಳುತ್ತದೆ. ವಾರದ ಐದು ದಿನ ಅರ್ಧ ತಾಸು ಚುರುಕಾಗಿ ನಡೆದರೆ ಲೆಕ್ಕ ಮುಗಿಯಿತು. ಎಳೆಬಿಸಿಲು ಮೈಗೆ ಬೀಳಲಿ, ಮೊಬೈಲು ಕೆಲಹೊತ್ತು ದೂರವಿರಲಿ, ಮನೆಗೆಲಸದಲ್ಲಿ ಒಂದಾದರೂ ನಮ್ಮ ಪಾಲಿಗಿರಲಿ. ರಾತ್ರಿ ಪಾಳಿಯಲ್ಲಿ ದುಡಿಯುವವರು, ಹಸುಗೂಸಿನ ತಾಯಂದಿರು, ರೋಗಿಗಳು ಇತರರ ಗಡಿಯಾರ ನೋಡಿ ನಾಚಬೇಕಾಗಿಲ್ಲ. ಅವರಿಗೆ ನಿದ್ರೆಯೇ ಮೊದಲ ನಿಯಮ.

ಮಂಜಪ್ಪನವರು 1947ರ ಜನವರಿ 3ರಂದು ತೀರಿಕೊಂಡರು. ಯಾವ ದಿನಕ್ಕಾಗಿ ನಾಲ್ಕು ದಶಕ ದುಡಿದರೋ ಆ ಸ್ವಾತಂತ್ರ್ಯದ ದಿನ ಏಳೂವರೆ ತಿಂಗಳ ದೂರದಲ್ಲಿತ್ತು. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಅವರು ಬರಗಾಲ ಕಂಡ ನೆಲಕ್ಕೆ ಇಂದು ಕಾಲುವೆಯ ನೀರು ಹರಿದಿದೆ. ಫಲವನ್ನು ತಾನು ಕಾಣುವೆನೋ ಇಲ್ಲವೋ ಎಂದು ಎಣಿಸದೆ ದಿನದಿನದ ಕೆಲಸವನ್ನು ದಿನದಿನವೇ ಮಾಡಿ ಮುಗಿಸಿದವರು ಅವರು.

ಮುಂದಿನ ಬಾರಿ ಆಲಮಟ್ಟಿಗೆ ಹೋದಾಗ ಓದುಗರು ಜಲಾಶಯ ನೋಡುವ ಮುನ್ನ ಆ ಹಿರಿಯರ ಸ್ಮಾರಕದೆದುರು ಐದು ನಿಮಿಷ ನಿಲ್ಲಲಿ. ಮರಳಿ ಬಂದ ರಾತ್ರಿ ಬೇಗ ದೀಪ ಆರಿಸಲಿ. ಮರುದಿನದ ಮುಂಜಾವು ತಾನಾಗಿಯೇ ಬರುತ್ತದೆ.