ಚಾರ್ಲ್ಸ್ ಆಗಸ್ಟಿನ್ ಡಿ ಕೂಲಂಬ್

ಚಾರ್ಲ್ಸ್ ಆಗಸ್ಟಿನ್ ಡಿ ಕೂಲಂಬ್ (14 ಜೂನ್ 1736 – 23 ಆಗಸ್ಟ್ 1806) ಫ್ರಾನ್ಸಿನ ಭೌತವಿಜ್ಞಾನಿ ಮತ್ತು ಸೇನಾ ಎಂಜಿನಿಯರ್. ವಿದ್ಯುದಾವೇಶಗಳ ನಡುವಣ ಬಲವನ್ನು ತಿಳಿಸುವ ನಿಯಮವೂ ವಿದ್ಯುದಾವೇಶದ ಅಂತರರಾಷ್ಟ್ರೀಯ ಏಕಮಾನವೂ ಈತನ ಹೆಸರನ್ನು ಹೊತ್ತಿವೆ. ಆದರೆ ಈತ ಯಾವ ಆವೇಶವನ್ನೂ ಕೂಲಂಬುಗಳಲ್ಲಿ ಅಳೆದವನಲ್ಲ. ಆವೇಶಕ್ಕೆ ಏಕಮಾನವೆಂಬುದೇ ಇಲ್ಲದ ಕಾಲದಲ್ಲಿ ಒಂದು ಬಲಕ್ಕೂ ಮತ್ತೊಂದು ಬಲಕ್ಕೂ ಇರುವ ಪ್ರಮಾಣವನ್ನಷ್ಟೇ ಅಳೆದ. ಫ್ರೆಂಚ್ ಉಚ್ಚಾರಣೆಯಲ್ಲಿ ಹೆಸರಿನ ಕೊನೆಯ ಬಕಾರ ಕೇಳಿಸದು. ಆದ್ದರಿಂದ ಕನ್ನಡದಲ್ಲಿ ಕೂಲಮ್ ಎಂದು ಬರೆಯುವುದೂ ಉಂಟು.

ಜೀವನ

ಕೂಲಂಬ್ ಹುಟ್ಟಿದ್ದು ನೈರುತ್ಯ ಫ್ರಾನ್ಸಿನ ಆಂಗುಲೇಮ್ ಪಟ್ಟಣದಲ್ಲಿ. ಬಾಲ್ಯದಲ್ಲಿಯೇ ಕುಟುಂಬ ಪ್ಯಾರಿಸ್ಸಿಗೆ ಬಂದಿತು. ಮಗ ವೈದ್ಯನಾಗಬೇಕೆಂಬುದು ತಾಯಿಯ ಹಂಬಲ. ಮಗನ ಒಲವು ಗಣಿತದ ಕಡೆಗೆ. ಈ ಭಿನ್ನಾಭಿಪ್ರಾಯ ಬೆಳೆದು, ಹಣ ಕಳೆದುಕೊಂಡು ಮೊಂಪೆಲಿಯೆಯಲ್ಲಿ ನೆಲೆಸಿದ್ದ ತಂದೆಯ ಬಳಿಗೆ ಆತ ಹೊರಟುಹೋದ. 1760ರಲ್ಲಿ ಮೆಜಿಯೇರ್‌ನ ಸೇನಾ ಎಂಜಿನಿಯರಿಂಗ್ ಶಾಲೆಯನ್ನು ಸೇರಿ ಮರುವರ್ಷ ತೇರ್ಗಡೆಯಾದ. 1764ರಿಂದ 1772ರವರೆಗೆ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುವ ಹೊಣೆ ಈತನದಾಗಿತ್ತು. ಅಲ್ಲಿ ಮೇಲಿಂದ ಮೇಲೆ ಕಾಯಿಲೆ ಬಿದ್ದು ಕೆಟ್ಟ ಆರೋಗ್ಯ ಜೀವನಪೂರ್ತಿ ಸುಧಾರಿಸಲಿಲ್ಲ. ಗೋಡೆ, ಕಮಾನುಗಳ ಭಾರ ತಾಳಿಕೆಯನ್ನು ಕುರಿತು 1773ರಲ್ಲಿ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದ ಪ್ರಬಂಧ ಈ ಅನುಭವದ ಫಲ. ಮುಂದೆ ರೋಶ್‌ಫೋರ್ ಹಡಗುಕಟ್ಟೆಯಲ್ಲಿ ಘರ್ಷಣೆಯ ಪ್ರಯೋಗಗಳನ್ನು ನಡೆಸಿದ. ಅದಕ್ಕೆ 1781ರಲ್ಲಿ ಅಕಾಡೆಮಿಯ ಬಹುಮಾನವೂ ಅದೇ ವರ್ಷ ಸದಸ್ಯತ್ವವೂ ದೊರೆತು ಪ್ಯಾರಿಸ್ಸಿನಲ್ಲಿ ನೆಲೆನಿಂತ.

ತಿರುಚು ತಕ್ಕಡಿ

1784ರಲ್ಲಿ ಕೂಲಂಬ್ ಲೋಹದ ತಂತಿಗಳ ತಿರುಚುವಿಕೆಯನ್ನು ಅಭ್ಯಾಸಮಾಡಿ, ತಿರುಚಿದ ಕೋನ ಹೆಚ್ಚಿದಷ್ಟೂ ತಂತಿ ಮರಳಿ ಎಳೆಯುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದೆಂದು ತೋರಿಸಿದ. ಕೂದಲಿಗಿಂತ ತೆಳುವಾದ ಬೆಳ್ಳಿಯ ತಂತಿಗೆ ಒಂದು ಅಡ್ಡ ಕಡ್ಡಿಯನ್ನು ತೂಗುಹಾಕಿ, ಅದರ ತುದಿಗೆ ಬೆಂಡಿನ ಸಣ್ಣ ಗೋಲವನ್ನು ಸಿಕ್ಕಿಸಿ, ಎಲ್ಲವನ್ನೂ ಗಾಜಿನ ಪಾತ್ರೆಯೊಳಗೆ ಇರಿಸಿದ. ಸ್ಥಿರವಾಗಿ ನಿಲ್ಲಿಸಿದ ಎರಡನೆಯ ಗೋಲಕ್ಕೂ ಇದಕ್ಕೂ ಒಂದೇ ಬಗೆಯ ಆವೇಶ ಕೊಟ್ಟಾಗ ಅವು ಪರಸ್ಪರ ದೂರ ಸರಿದು 36 ಡಿಗ್ರಿ ಅಂತರದಲ್ಲಿ ನಿಂತವು. ತಂತಿಯ ಮೇಲ್ತುದಿಯನ್ನು ಎದುರು ದಿಕ್ಕಿಗೆ 126 ಡಿಗ್ರಿ ತಿರುಗಿಸಿದಾಗ ಅಂತರ 18 ಡಿಗ್ರಿಗೆ ಇಳಿಯಿತು. ಆಗ ತಂತಿಯ ಒಟ್ಟು ತಿರುಚು 126 + 18 = 144, ಎಂದರೆ 36ರ ನಾಲ್ಕು ಪಟ್ಟು. ಅಂತರ ಅರ್ಧವಾದರೆ ಬಲ ನಾಲ್ಕು ಪಟ್ಟು! ಮೂರನೆಯ ಸಲ 567 ಡಿಗ್ರಿ ತಿರುಗಿಸಿದಾಗ ಅಂತರ ಎಂಟೂವರೆ ಡಿಗ್ರಿಗೆ, ಅಂದರೆ ಹೆಚ್ಚುಕಡಮೆ ಕಾಲುಭಾಗಕ್ಕೆ, ಬಂದಿತು. ಒಟ್ಟು ತಿರುಚು 575.5. ಹದಿನಾರು ಪಟ್ಟಿಗೆ ಬೇಕಾದದ್ದು 576. ಈ ಮೂರೇ ಅಳತೆಗಳು 1785ರ ಪ್ರಬಂಧದಲ್ಲಿ ವಿಲೋಮ ವರ್ಗ ನಿಯಮಕ್ಕೆ ಆಧಾರವಾದವು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದಕ್ಕೆ ಮೊದಲೇ ಈ ನಿಯಮವನ್ನು ಕಂಡಿದ್ದರೂ ಅದನ್ನು ಪ್ರಕಟಿಸಿರಲಿಲ್ಲ. ಅವನ ಬರಹಗಳನ್ನು ಮ್ಯಾಕ್ಸ್‌ವೆಲ್ 1879ರಲ್ಲಿ ಹೊರತಂದ.

ಕೊನೆಯ ವರ್ಷಗಳು

ಕ್ರಾಂತಿಯ ಕಾಲದಲ್ಲಿ ಕೂಲಂಬ್ ಸೇನಾ ಹುದ್ದೆಯನ್ನು ಬಿಟ್ಟ. ದೇಶಕ್ಕೆಲ್ಲ ಒಂದೇ ತೂಕ ಮತ್ತು ಅಳತೆಗಳನ್ನು ನಿರ್ಧರಿಸುವ ಆಯೋಗದಲ್ಲಿದ್ದ ಈತನನ್ನು 1793ರ ಡಿಸೆಂಬರಿನಲ್ಲಿ ಲವಾಸಿಯೆ, ಲಾಪ್ಲಾಸ್ ಮೊದಲಾದವರೊಂದಿಗೆ ತೆಗೆದುಹಾಕಲಾಯಿತು. ಬ್ಲುವಾ ಬಳಿಯ ಹಳ್ಳಿಮನೆಯಲ್ಲಿ ಕೆಲಕಾಲ ಕಳೆದು, 1795ರಲ್ಲಿ ಹೊಸ ರಾಷ್ಟ್ರೀಯ ಸಂಸ್ಥೆಯ ಸದಸ್ಯನಾಗಿ ಮರಳಿದ. 1802ರಿಂದ ಸಾಯುವವರೆಗೆ ಸಾರ್ವಜನಿಕ ಶಿಕ್ಷಣದ ಇನ್‌ಸ್ಪೆಕ್ಟರ್ ಆಗಿದ್ದ.

ಕೂಲಂಬ್ ಏಕಮಾನ ಮತ್ತು ಪರಿವರ್ತನೆ

ಹತ್ತೊಂಬತ್ತನೆಯ ಶತಮಾನದಲ್ಲಿ ಆವೇಶಕ್ಕೆ ಎರಡು ದಾರಿಗಳಿಂದ ಏಕಮಾನಗಳು ಹುಟ್ಟಿದವು. ಒಂದು ಕೂಲಂಬನ ನಿಯಮದ ದಾರಿ: ನಿರ್ವಾತದಲ್ಲಿ 1 ಸೆಂಟಿಮೀಟರ್ ದೂರದಲ್ಲಿರುವ ಎರಡು ಸಮಾನ ಆವೇಶಗಳು 1 ಡೈನ್ ಬಲದಿಂದ ವಿಕರ್ಷಿಸಿದರೆ ಪ್ರತಿಯೊಂದೂ 1 ಸ್ಟಾಟ್‌ಕೂಲಂಬ್. ಇನ್ನೊಂದು ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮದ ದಾರಿ. ಅದರ ಏಕಮಾನ ಆಬ್‌ಕೂಲಂಬ್. ಇವೆರಡರ ಅನುಪಾತವನ್ನು ವೇಬರ್ ಮತ್ತು ಕೋಲ್‌ರೌಶ್ 1856ರಲ್ಲಿ ಅಳೆದರು. ಬಂದ ಸಂಖ್ಯೆ ಬೆಳಕಿನ ವೇಗಕ್ಕೆ ತೀರ ಹತ್ತಿರವಿತ್ತು. ಬೆಳಕು ವಿದ್ಯುತ್ಕಾಂತೀಯ ತರಂಗವೆಂಬ ಮ್ಯಾಕ್ಸ್‌ವೆಲ್‌ನ ಊಹೆಗೆ ಇದು ಬಲವಾದ ಆಧಾರವಾಯಿತು. ಪರಿವರ್ತನೆಯ ಒಂದು ಗುಣಕದೊಳಗೆ ಇಂಥ ಸಂಗತಿ ಅಡಗಿದ್ದದ್ದು ವಿಜ್ಞಾನದ ಇತಿಹಾಸದಲ್ಲಿ ಅಪರೂಪ.

1881ರ ಪ್ಯಾರಿಸ್ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಕೂಲಂಬ್ ಎಂಬ ಹೆಸರನ್ನು ಅಂಗೀಕರಿಸಿತು. 1 ಆಂಪಿಯರ್ ಪ್ರವಾಹ 1 ಸೆಕೆಂಡಿನಲ್ಲಿ ಸಾಗಿಸುವ ಆವೇಶ 1 ಕೂಲಂಬ್.

1 ಕೂಲಂಬ್ = ಸುಮಾರು 2.998 × 10⁹ ಸ್ಟಾಟ್‌ಕೂಲಂಬ್
1 ಆಬ್‌ಕೂಲಂಬ್ = 10 ಕೂಲಂಬ್
1 ಆಂಪಿಯರ್-ಗಂಟೆ = 3,600 ಕೂಲಂಬ್
1 ಫ್ಯಾರಡೆ (ಒಂದು ಮೋಲ್ ಎಲೆಕ್ಟ್ರಾನುಗಳ ಆವೇಶದ ಪರಿಮಾಣ) = ಸುಮಾರು 96,485 ಕೂಲಂಬ್

ಮೊಬೈಲ್ ಬ್ಯಾಟರಿಯ ಮೇಲೆ 5,000 ಮಿಲಿಆಂಪಿಯರ್-ಗಂಟೆ ಎಂದಿದ್ದರೆ ಮೊದಲು 1,000ದಿಂದ ಭಾಗಿಸಿ, ಬಂದ 5 ಆಂಪಿಯರ್-ಗಂಟೆಯನ್ನು 3,600ರಿಂದ ಗುಣಿಸಬೇಕು. ಉತ್ತರ 18,000 ಕೂಲಂಬ್. ಇಲ್ಲಿ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಒಂದು ಸಂಶಯ ಬರುತ್ತದೆ. ತಲಾ 1 ಕೂಲಂಬಿನ ಎರಡು ಆವೇಶಗಳು 1 ಮೀಟರ್ ದೂರದಲ್ಲಿದ್ದರೆ ಅವುಗಳ ನಡುವಣ ಬಲ ಸುಮಾರು 9 × 10⁹ ನ್ಯೂಟನ್, ಅಂದರೆ ಸುಮಾರು 9 ಲಕ್ಷ ಟನ್ನಿನ ತೂಕಕ್ಕೆ ಸಮ. ಹಾಗಿದ್ದರೆ ಬ್ಯಾಟರಿ ಸಿಡಿದುಹೋಗುವುದಿಲ್ಲವೇಕೆ? ಬ್ಯಾಟರಿಯಲ್ಲಿ ಧನ ಮತ್ತು ಋಣ ಆವೇಶಗಳು ಸಮನಾಗಿರುತ್ತವೆ. 18,000 ಎಂಬುದು ಮಂಡಲದ ಮೂಲಕ ಹರಿದುಹೋಗಬಲ್ಲ ಆವೇಶವೇ ಹೊರತು ಒಂದೆಡೆ ಶೇಖರವಾದ ಹೆಚ್ಚುವರಿ ಆವೇಶವಲ್ಲ. ಕೂಲಂಬನ ಗೋಲಗಳ ಮೇಲಿದ್ದಂಥ ಸ್ಥಿರ ಆವೇಶಗಳನ್ನು ಇಂದು ಸಾಮಾನ್ಯವಾಗಿ ಕೂಲಂಬಿನ ಶತಕೋಟಿಯ ಒಂದು ಭಾಗವಾದ ನ್ಯಾನೊಕೂಲಂಬುಗಳಲ್ಲಿ ಹೇಳುತ್ತಾರೆ.

20 ಮೇ 2019ರಿಂದ ಮೂಲಭೂತ ಆವೇಶದ ಬೆಲೆಯನ್ನು 1.602176634 × 10⁻¹⁹ ಕೂಲಂಬ್ ಎಂದು ನಿಖರವಾಗಿ ಗೊತ್ತುಪಡಿಸಲಾಗಿದೆ. ಅದರಂತೆ 1 ಕೂಲಂಬ್ ಎಂದರೆ ಸುಮಾರು 6.2415 × 10¹⁸ ಪ್ರೋಟಾನುಗಳ ಆವೇಶ.