ದೀಪ, ಚರಂಡಿ ಮತ್ತು ದಾದಿಯ ಹೊಣೆ

ಫ್ಲಾರೆನ್ಸ್ ನೈಟಿಂಗೇಲ್ ಅಂದ್ರೆ ನಮಗೆಲ್ಲ ಸ್ಕೂಲ್ ಪಾಠದ ಚಿತ್ರವೇ ನೆನಪಾಗೋದು: ಕೈಯಲ್ಲಿ ದೀಪ, ಸಾಲು ಮಂಚ, ಗಾಯಗೊಂಡ ಸೈನಿಕರು. ನಾವು ಎಂಜಿನಿಯರಿಂಗ್‌ನವರು ಅವರ ಲೆಕ್ಕದ ಪುಸ್ತಕವನ್ನೂ ಸ್ವಲ್ಪ ನೋಡಬೇಕು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿದ್ದಕ್ಕೆ ಆ ಹೆಸರು. ಮನೆತನ ಇಂಗ್ಲೆಂಡಿನ ಶ್ರೀಮಂತರದು. ಆಸ್ಪತ್ರೆ ಕೆಲಸ ಮಾನವಂತರ ಮನೆ ಹುಡುಗಿಗಲ್ಲ ಅಂತ ಮನೆಯವರ ಹಟ. ಅದನ್ನು ದಾಟಿ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು.

1854ರ ನವೆಂಬರ್‌ನಲ್ಲಿ, ಕ್ರಿಮಿಯಾ ಯುದ್ಧದ ನಡುವೆ, 38 ದಾದಿಯರೊಂದಿಗೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಅದು ಇವತ್ತಿನ ಇಸ್ತಾಂಬುಲ್‌ನಲ್ಲಿದೆ. ಅಲ್ಲಿನ ಡಾಕ್ಟರುಗಳಿಗೆ ಇವರು ಬೇಡವಾಗಿದ್ದರು. ಪಕ್ಕದಲ್ಲೇ ಸೈನಿಕರು ನರಳುತ್ತಿದ್ದರೂ, ಡಾಕ್ಟರು ಕರೆಯುವ ತನಕ ಯಾರೂ ರೋಗಿಯನ್ನು ಮುಟ್ಟಕೂಡದು ಅಂತ ನೈಟಿಂಗೇಲ್ ತಮ್ಮ ದಾದಿಯರನ್ನೇ ತಡೆದರು. ಬಟ್ಟೆ ಹೊಲಿಯುತ್ತಾ ಕೂರಿಸಿದರು. ಓದುವಾಗ ಸಿಟ್ಟು ಬರತ್ತೆ, ನಿಜ. ಆದರೆ ದಾದಿಯ ಅಧಿಕಾರ ಎಲ್ಲಿವರೆಗೆ ಅಂತ ಯಾವ ಕಾನೂನೂ ಹೇಳದ ಕಾಲ ಅದು. ಒಬ್ಬಳು ಆದೇಶ ಮೀರಿದ್ದರೂ ಇಡೀ ತಂಡವನ್ನು ವಾಪಸ್ ಕಳಿಸೋಕೆ ನೆಪ ಸಿಗುತ್ತಿತ್ತು. ಕೆಲವೇ ದಿನಗಳಲ್ಲಿ ಗಾಯಾಳುಗಳು ತುಂಬಿಬಂದು ಡಾಕ್ಟರುಗಳೇ ಕರೆದರು.

ಆ ಚಳಿಗಾಲದಲ್ಲಿ ಗಾಯಕ್ಕಿಂತ ಕಾಲರಾ, ಭೇದಿ, ಜ್ವರಕ್ಕೆ ಸತ್ತವರೇ ಜಾಸ್ತಿ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಆಸ್ಪತ್ರೆಯ ಚರಂಡಿಗಳನ್ನು ತೊಳೆಸಿ, ಗಾಳಿ ಆಡುವಂತೆ ಮಾಡಿತು. ಸಾವು ಇಳಿಯಿತು. ಆಯೋಗದಲ್ಲಿದ್ದ ರಾಬರ್ಟ್ ರಾಲಿನ್‌ಸನ್ ಸಿವಿಲ್ ಎಂಜಿನಿಯರ್ (ಸಿವಿಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು).

ಊರಿಗೆ ಮರಳಿದಾಗ ಜನ ದೇವತೆ ಅಂತ ಹೊಗಳುತ್ತಿದ್ದರು. ನೈಟಿಂಗೇಲ್ ಮಾತ್ರ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಸತ್ತವರ ಲೆಕ್ಕ ತೆಗೆಯುತ್ತಾ ಕೂತರು. ತಾವೇ ದುಡಿದ ಸ್ಕುಟಾರಿಯನ್ನೂ ಬಿಡಲಿಲ್ಲ. 1858ರಲ್ಲಿ ಸೇನೆಯ ಸಾವುಗಳನ್ನು ತಿಂಗಳುವಾರು ಬಣ್ಣದ ವರ್ತುಲ ನಕ್ಷೆಯಾಗಿ ಅಚ್ಚು ಹಾಕಿಸಿದರು. ನಾವು ಪೈಥಾನ್‌ನಲ್ಲಿ ಬಿಡಿಸೋ ಪೋಲಾರ್ ಚಾರ್ಟ್‌ಗೆ ಅದು ಅಜ್ಜಿ ಇದ್ದಂಗೆ. ರೋಗಿ ಯಾಕೆ ಸತ್ತ ಅನ್ನೋದನ್ನ ಬರೆದಿಡೋದೂ ಆರೈಕೆಯ ಭಾಗ ಅಂತ ಅವರು ಹಿಡಿದ ಹಟ ನಮಗೆ ದೀಪಕ್ಕಿಂತ ದೊಡ್ಡದಾಗಿ ಕಾಣತ್ತೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ಆಮೇಲೆ ಬಂತು ದೊಡ್ಡ ಜಗಳ. ದಾದಿಯರಿಗೆ ಪರೀಕ್ಷೆ, ನೋಂದಣಿ ಎರಡೂ ಬೇಕು ಅಂತ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ 1887ರಲ್ಲಿ ಸಂಘ ಕಟ್ಟಿದರು. ನೈಟಿಂಗೇಲ್ ವಿರೋಧಿಸಿದರು, ಒಳ್ಳೆ ನಡತೆಯನ್ನು ಪರೀಕ್ಷೆ ಅಳೆಯೋಕಾಗಲ್ಲ ಅನ್ನೋದು ಅವರ ವಾದ. ಮಾತು ಸರಿ, ಆದರೆ ತಪ್ಪು ಮಾಡಿದ ದಾದಿಯನ್ನು ಯಾವ ಪಟ್ಟಿಯಿಂದ ತೆಗೀಬೇಕು? ಈ ವಿಷಯದಲ್ಲಿ ನಮ್ಮ ಓಟು ಫೆನ್‌ವಿಕ್‌ಗೇ.

1910ರ ಆಗಸ್ಟ್ 13ರಂದು ನೈಟಿಂಗೇಲ್ ತೀರಿಕೊಂಡರು. 1919ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಕಾನೂನಾಯಿತು. ಆ ಪಟ್ಟಿಯ ಮೊದಲ ಹೆಸರು ಫೆನ್‌ವಿಕ್ ಅವರದು.